'ಸದರ್ನ್ ಕ್ರಾಸ್ ಮೈನರ್'ನ ಖಾತೆ ಬರೆದ ಬಗೆ

ಹಳೆಯ ಹಗುರ ವಿಮಾನಗಳು ಯಾರಿಂದ ಯಾರ ಕೈಗೆ ಹೋದವು, ಕೊನೆಗೆ ಏನಾದವು ಎಂಬುದನ್ನು ಜೋಡಿಸುವುದು ನನ್ನ ಹವ್ಯಾಸ. ಇದಕ್ಕೆ ನಾನು ಬಳಸುವ ನಮೂನೆ ನಮ್ಮ ಪಹಣಿಯದ್ದೇ: ಖಾತೆದಾರರಿಗೆ ಒಂದು ಕಾಲಂ, ಸಾಗುವಳಿದಾರರಿಗೆ ಇನ್ನೊಂದು. ವಿಮಾನದ ಮಟ್ಟಿಗೆ ಸಾಗುವಳಿದಾರನೆಂದರೆ ಅದನ್ನು ಹಾರಿಸಿದವನು. 'ಸದರ್ನ್ ಕ್ರಾಸ್ ಮೈನರ್' ಎಂಬ ಆವ್ರೋ ಏವಿಯನ್ ವಿಮಾನದ ಚರಿತ್ರೆ ಬರೆಯುವಾಗ ಈ ಎರಡು ಕಾಲಂಗಳ ಅಗತ್ಯ ನನಗೆ ಚೆನ್ನಾಗಿ ಮನವರಿಕೆಯಾಯಿತು.

ಮೊದಲ ಕರಡಿನಲ್ಲಿ ಎಡವಿದ್ದು ಹೆಸರಿನಿಂದ. ಆಸ್ಟ್ರೇಲಿಯಾದ ವಿಮಾನಿ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ 1930ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಡಾರ್ವಿನ್‌ಗೆ ಹತ್ತು ದಿನಗಳೊಳಗೆ ಒಬ್ಬರೇ ಹಾರಿ ಬಂದದ್ದು 'ಸದರ್ನ್ ಕ್ರಾಸ್ ಜೂನಿಯರ್' ಎಂಬ ಏವಿಯನ್‌ನಲ್ಲಿ. 1931ರ ಜನವರಿಯಲ್ಲಿ ಗೈ ಮೆಂಜಿಸ್ ಟಾಸ್ಮನ್ ಸಮುದ್ರವನ್ನು ಒಂಟಿಯಾಗಿ ದಾಟಿ ನ್ಯೂಜಿಲೆಂಡಿನ ಜೌಗುನೆಲದಲ್ಲಿ ತಲೆಕೆಳಗಾಗಿ ಇಳಿದದ್ದೂ ಅದರಲ್ಲೇ. ಮೈನರ್ ಬೇರೆಯೇ ವಿಮಾನ. ಜೂನಿಯರ್, ಮೈನರ್ ಎರಡಕ್ಕೂ ಹೆಚ್ಚುಕಡಿಮೆ ಕಿರಿಯದು ಎಂದೇ ಅರ್ಥ, ಎರಡೂ ಕಿಂಗ್ಸ್‌ಫರ್ಡ್ ಸ್ಮಿತ್‌ರವೇ, ಎರಡೂ ಒಮ್ಮೆ ಮಗುಚಿಬಿದ್ದವು. ನಾನು ಎರಡನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದೆ. ಜೂನಿಯರ್‌ನ ನೋಂದಣಿ ಜಿ-ಎಬಿಸಿಎಫ್, ಮೈನರ್‌ನದು ಜಿ-ಎಬಿಎಲ್‌ಕೆ ಎಂಬುದನ್ನು ಗಮನಿಸಿದ ಮೇಲೆಯೇ ಗಂಟು ಬಿಚ್ಚಿತು. ಸರ್ವೆ ನಂಬರು ನೋಡದೆ ಹೊಲದ ಹೆಸರನ್ನಷ್ಟೇ ನಂಬಿದವನ ಪಾಡು ನನ್ನದಾಗಿತ್ತು.

ಮೈನರ್‌ನಲ್ಲಿ ಕಿಂಗ್ಸ್‌ಫರ್ಡ್ ಸ್ಮಿತ್ 1931ರಲ್ಲಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹಾರಿದರು. ದಾರಿಯಲ್ಲಿ ಕಾಯಿಲೆ ಬಿದ್ದು ದಾಖಲೆಯ ಆಸೆ ಕೈಬಿಟ್ಟಿತು. ವಿಮಾನ ಇಂಗ್ಲೆಂಡಿನಲ್ಲೇ ಉಳಿಯಿತು. ಇಲ್ಲಿಯವರೆಗೆ ಎರಡೂ ಕಾಲಂಗಳಲ್ಲಿ ಒಂದೇ ಹೆಸರು.

1933ರಲ್ಲಿ ಬ್ರಿಟಿಷ್ ವಿಮಾನಿ ಬಿಲ್ ಲ್ಯಾಂಕಾಸ್ಟರ್‌ಗಾಗಿ ಅದನ್ನು 700 ಪೌಂಡ್ ಕೊಟ್ಟು ಕೊಂಡವರು ಅವರ ತಂದೆ. ಹಣ ತಂದೆಯದು, ಹಾರಾಟ ಮಗನದು. ಹಿಂದಿನ ವರ್ಷವಷ್ಟೇ ಮಯಾಮಿಯಲ್ಲಿ ಕೊಲೆ ಆರೋಪದಿಂದ ಖುಲಾಸೆಯಾಗಿದ್ದ ಮಗ ಮತ್ತೆ ಹೆಸರು ಗಳಿಸಲಿ ಎಂಬುದೇ ಆ ಖರೀದಿಯ ಹಿಂದಿನ ಒತ್ತಾಸೆಯೆಂದು ನನಗನಿಸುತ್ತದೆ. ಗುರಿ, ಇಂಗ್ಲೆಂಡಿನಿಂದ ಕೇಪ್‌ಟೌನ್‌ವರೆಗಿನ, ವಿಮಾನಿ ಏಮಿ ಜಾನ್ಸನ್‌ರ 4 ದಿನ 6 ಗಂಟೆ 54 ನಿಮಿಷಗಳ ದಾಖಲೆಯನ್ನು ಮುರಿಯುವುದು. ಏಪ್ರಿಲ್ 11ರಂದು ಕೆಂಟ್ ತೀರದಿಂದ ಹೊರಟ ಲ್ಯಾಂಕಾಸ್ಟರ್, ಮರುದಿನ ಸಂಜೆ ಸಹಾರಾದ ರೆಗ್ಗಾನ್‌ನಿಂದ ಗಾವೊ ಕಡೆಗೆ ಹಾರಿದರು. ಕತ್ತಲಲ್ಲಿ ಎಂಜಿನ್ ಕೈಕೊಟ್ಟಿತು. ಮರಳಿಗಿಳಿದ ವಿಮಾನ ಮಗುಚಿಕೊಂಡಿತು. ಜೊತೆಯಲ್ಲಿದ್ದದ್ದು ಸುಮಾರು ಎರಡು ಗ್ಯಾಲನ್ ನೀರು. ರೆಕ್ಕೆಯ ಬಟ್ಟೆಯನ್ನು ಹರಿದು, ಪೆಟ್ರೋಲಿನಲ್ಲಿ ಅದ್ದಿ, ರಾತ್ರಿ ಪಂಜಿನಂತೆ ಉರಿಸಿದ್ದನ್ನು ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ವಿಮಾನವನ್ನು ಕಳಚುವ ಕೆಲಸ ಹೀಗೆ ಅದನ್ನು ಹಾರಿಸಿದವನ ಕೈಯಿಂದಲೇ ಶುರುವಾಯಿತು.

ಯಾವ ದಿನವನ್ನು 'ನಷ್ಟ' ಎಂದು ಬರೆಯಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ಹೊತ್ತು ಕಾಡಿತು. ಲ್ಯಾಂಕಾಸ್ಟರ್ ತೀರಿಕೊಂಡದ್ದು ಏಪ್ರಿಲ್ 20ರಂದು. ಆದರೆ ವಿಮಾನ ಹಾರುವುದನ್ನು ನಿಲ್ಲಿಸಿದ್ದು 12ರಂದು. ವಿಮಾನದ ಖಾತೆಯಾದ್ದರಿಂದ 12 ಎಂದೇ ಬರೆದು, 20ನ್ನು ಷರಾದಲ್ಲಿ ಸೇರಿಸಿದೆ. 1962ರ ಫೆಬ್ರವರಿ 12ರಂದು ಫ್ರೆಂಚ್ ಸೈನಿಕ ಗಸ್ತುತಂಡಕ್ಕೆ ಅವಶೇಷವೂ ದೇಹವೂ ಸಿಕ್ಕವು. ವಿಮಾನದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ದಿನಚರಿ ಹಾಳಾಗಿರಲಿಲ್ಲ. ಅವಶೇಷವನ್ನು ಅಂದೇ ಹೊತ್ತು ತಂದರೆಂದು ನಾನು ಬರೆದುಕೊಂಡಿದ್ದೆ, ಅದೂ ತಪ್ಪು. ಅದು ಮರಳಿನಿಂದ ಹೊರಬಂದದ್ದು 1975ರಲ್ಲಿ, ಬೇರೊಂದು ತಂಡದ ಪ್ರಯತ್ನದಿಂದ. ಆಮೇಲೆ ಅದು ಸೇರಿದ್ದು ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಮ್ಯೂಸಿಯಂ, ಅಂದರೆ ಕಿಂಗ್ಸ್‌ಫರ್ಡ್ ಸ್ಮಿತ್ ಹುಟ್ಟಿದ ಊರು. ಕೊನೆಯ ಸಾಲಿನ ಖಾತೆದಾರರ ಕಾಲಂನಲ್ಲಿ ಮ್ಯೂಸಿಯಂ ಹೆಸರು ಬರೆದು, ಹಾರಿಸಿದವರ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದೆ.