ತಾಟೆ ಮತ್ತು ರೋಹು: ಮೃದ್ವಸ್ಥಿ ಮೀನು, ಮೂಳೆಮೀನು ಬೇರ್ಪಡಿಸುವುದು ಹೇಗೆ

ಬೆನ್ನೆಲುಬನ್ನು ಚುಚ್ಚಿ ನೋಡಿ ಮೀನಿನ ವರ್ಗ ತೀರ್ಮಾನಿಸಬೇಡಿ. ಮೃದ್ವಸ್ಥಿ (ಮೂಳೆಗಿಂತ ಮೆತ್ತಗಿನ, ಬಾಗುವ ಅಂಗಾಂಶ) ಮೀನಾದ ಶಾರ್ಕಿನ ಬೆನ್ನುಮಣಿಗಳಲ್ಲೂ ಕ್ಯಾಲ್ಸಿಯಂ ಸೇರಿಕೊಂಡಿರುತ್ತದೆ, ಚಾಕುವಿಗೆ ಅವೂ ಗಟ್ಟಿಯೇ. ಮೊದಲು ಕಿವಿರು ನೋಡಿ.

ಕರಾವಳಿಯ ಮಾರುಕಟ್ಟೆಯಿಂದ 30–40 ಸೆಂ.ಮೀ. ಉದ್ದದ ತಾಟೆ (ಸಣ್ಣ ಶಾರ್ಕ್), ಅರ್ಧ ಕಿಲೋ ತೂಗುವ ರೋಹು ತನ್ನಿ. ತಲೆ, ಕರುಳು ತೆಗೆಸಬೇಡಿ. ತಿಮಿಂಗಿಲ ಶಾರ್ಕ್, ಗರಗಸ ಮೀನುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಮರಿಯಾದರೂ ಮುಟ್ಟುವಂತಿಲ್ಲ. ತಾಟೆಯನ್ನು ಮಂಜುಗಡ್ಡೆಯಲ್ಲೇ ಇಡಿ. ಅದರ ಮಾಂಸದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದರೆ ಅಮೋನಿಯಾ ವಾಸನೆಗೆ ಕೋಣೆಯಲ್ಲಿ ಕೂರಲಾಗದು.

ತಾಟೆಯ ತಲೆಯ ಎರಡೂ ಬದಿಗೆ ಐದೈದು ಕಿವಿರು ಸೀಳುಗಳು ತೆರೆದೇ ಇರುತ್ತವೆ. ಶಾರ್ಕಿನ ಬಳಗದ ಚಪ್ಪಟೆ ಮೀನಾದ ತೊರಕೆಯಲ್ಲಿ ಇವು ಹೊಟ್ಟೆಯ ಕಡೆಗಿರುವುದರಿಂದ ಮೀನನ್ನು ಮಗುಚಿ ನೋಡಬೇಕು. ರೋಹುವಿಗೆ ಎಲುಬಿನ ಮುಚ್ಚಳವಿದೆ. ಎತ್ತಿದರೆ ಒಳಗೆ ನಾಲ್ಕು ಕಿವಿರು. ಕೈಮೆರಾ ಮಾತ್ರ ಮೋಸ ಮಾಡುತ್ತದೆ: ಮೃದ್ವಸ್ಥಿ ಮೀನಾದರೂ ಸೀಳುಗಳ ಮೇಲೆ ಚರ್ಮದ ಮುಚ್ಚಳ, ಬದಿಗೊಂದೇ ದ್ವಾರ.

ಬಾಲದಿಂದ ತಲೆಯತ್ತ ಬೆರಳಾಡಿಸಿ. ತಾಟೆ ತರಿತರಿ, ಏಕೆಂದರೆ ಅದರ ಚರ್ಮದಲ್ಲಿರುವುದು ಹಲ್ಲಿನ ರಚನೆಯ ಪ್ಲಾಕಾಯ್ಡ್ ಶಲ್ಕ (ಹುರುಪೆ). ರೋಹುವಿನ ದುಂಡು ಸೈಕ್ಲಾಯ್ಡ್ ಹುರುಪೆ ಉಗುರಿಗೆ ಎದ್ದು ಬರುತ್ತದೆ. ಹುರುಪೆ ಇಲ್ಲವೆಂದು ಮಾತ್ರ ಬೆಕ್ಕುಮೀನನ್ನು ಶಾರ್ಕಿನ ಸಾಲಿಗೆ ಸೇರಿಸಬೇಡಿ. ಹೊಟ್ಟೆಯಡಿಯ ಈಜುರೆಕ್ಕೆಗಳ ಒಳಮಗ್ಗುಲಲ್ಲಿ ಎರಡು ಕೋಲಿನಂಥ ಕ್ಲಾಸ್ಪರ್ (ಕೂಡುವ ಅಂಗ) ಇದ್ದರೆ ಅದು ಗಂಡು ತಾಟೆ.

ಕೊಯ್ಯುವಾಗ ಮೊಂಡು ತುದಿಯ ಕತ್ತರಿ ಹಿಡಿದು ಗುದದ್ವಾರದಿಂದ ಮುಂದಕ್ಕೆ, ಮೇಲುಮೇಲಕ್ಕೆ ಕತ್ತರಿಸಿ. ಆಳಕ್ಕೆ ಹೋದರೆ ಪಿತ್ತಕೋಶ ಒಡೆದು ಎಲ್ಲಕ್ಕೂ ಹಸಿರು ಬಳಿಯುತ್ತದೆ. ತಾಟೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಉದ್ದನೆಯ, ಎಣ್ಣೆಭರಿತ ಪಿತ್ತಜನಕಾಂಗ. ಗಾಳಿಚೀಲವಿಲ್ಲದ ಈ ಮೀನು ತೇಲಲು ಈ ಎಣ್ಣೆ ನೆರವಾಗುತ್ತದೆ. ದಪ್ಪನೆಯ ಕರುಳನ್ನು ಅಡ್ಡಕ್ಕೆ ಕತ್ತರಿಸಿದರೆ ಒಳಪೊರೆ ಸುತ್ತಿಟ್ಟ ಕಾಗದದಂತೆ ಕಾಣುತ್ತದೆ. ಗಿಡ್ಡ ಕರುಳಿನಲ್ಲೇ ಹೀರುವ ಜಾಗ ಹೆಚ್ಚಿಸುವ ಉಪಾಯವಿದು. ರೋಹುವಿನ ಒಂದು ಬದಿಯ ಹೊಟ್ಟೆಗೋಡೆಯನ್ನೇ ತೆಗೆಯಿರಿ. ಬೆನ್ನೆಲುಬಿನ ಕೆಳಗೆ ಎರಡು ಕೋಣೆಯ ಬಿಳಿ ಗಾಳಿಚೀಲ ಸಿಗುತ್ತದೆ.

ಗಾಳಿಚೀಲವಿದ್ದರೆ ಮೂಳೆಮೀನು ಎನ್ನಲು ಅಡ್ಡಿಯಿಲ್ಲ. ಇಲ್ಲದಿದ್ದರೆ ಶಾರ್ಕ್ ಎನ್ನುವಂತಿಲ್ಲ: ನೆಲಕ್ಕಂಟಿ ಬಾಳುವ ನಂಗಿನಂಥ ಚಪ್ಪಟೆ ಮೀನುಗಳಲ್ಲಿ, ಬೆಳೆದ ಮೇಲೆ ಅದು ಇರುವುದಿಲ್ಲ. ಸ್ಟರ್ಜನ್ ಎಂಬ ಮೀನು ಇನ್ನೂ ಗೊಂದಲದ್ದು. ಅಸ್ಥಿಪಂಜರದ ಬಹುಪಾಲು ಮೃದ್ವಸ್ಥಿ, ಬಾಲದ ಮೇಲಿನ ಹಾಳೆ ಶಾರ್ಕಿನಂತೆ ಉದ್ದ. ಆದರೂ ಕಿವಿರು ಮುಚ್ಚಳ, ಗಾಳಿಚೀಲ ಎರಡೂ ಇರುವುದರಿಂದ ಅದು ಮೂಳೆಮೀನೇ.