ನೆರೆ ಇಳಿದ ಗೋಡೆಗೆ ತೈಲವರ್ಣ

ನೆರೆಯ ನೀರನ್ನು ಬರೆಯುವುದಕ್ಕಿಂತ ನೆರೆ ಇಳಿದ ಮೇಲಿನ ಗೋಡೆಯನ್ನು ಬರೆಯುವುದು ಕಷ್ಟ. ನೀರಿಗೆ ಆಕಾಶವಾದರೂ ಬಣ್ಣ ಕೊಡುತ್ತದೆ, ಗೋಡೆಗೆ ಕೆಸರೇ ಗತಿ. 2019ರ ಆಗಸ್ಟ್‌ನಲ್ಲಿ ವಯನಾಡಿನಲ್ಲಿ ಸುರಿದ ಮಳೆಗೆ ಕಬಿನಿ ಜಲಾಶಯ ತುಂಬಿ, ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಟ್ಟಾಗ ನಂಜನಗೂಡಿನಲ್ಲಿ ಕಪಿಲೆ, ಅಂದರೆ ಅದೇ ಕಬಿನಿ ನದಿ, ಉಕ್ಕಿದಳು. ಸ್ನಾನಘಟ್ಟವೂ ಹದಿನಾರು ಕಾಲು ಮಂಟಪವೂ ಮುಳುಗಿದವು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೇ ನೀರು ಹರಿಯಿತು. ತಗ್ಗಿನ ಬೀದಿಗಳ ಮನೆಗಳಿಗೆ ನುಗ್ಗಿತು. ಆ ನೀರಿನ ಚಿತ್ರಗಳು ಎಲ್ಲರ ಮೊಬೈಲ್‌ನಲ್ಲೂ ಇದ್ದವು. ನೀರು ಇಳಿಯಿತು, ಕ್ಯಾಮೆರಾಗಳೂ ಹೊರಟುಹೋದವು. ನಾನು ಮೈಸೂರಿನಿಂದ ಬಸ್ ಹತ್ತಿದ್ದು ಆಗ.

ಒಂದು ಮನೆಯ ಗೋಡೆ ನನ್ನನ್ನು ಹಿಡಿದು ನಿಲ್ಲಿಸಿತು. ಎದೆಯ ಮಟ್ಟದಲ್ಲಿ ಕಡ್ಡಿ, ಹುಲ್ಲು, ಜಿಡ್ಡು ಅಂಟಿಕೊಂಡ ಒಂದು ಕಪ್ಪು ಗೆರೆ. ಅದರ ಕೆಳಗೆ ಇನ್ನೂ ಕೆಲವು ಮಸುಕು ಗೆರೆಗಳು. ನೀರು ಒಮ್ಮೆಲೇ ಇಳಿಯದೆ ತಂಗಿ ತಂಗಿ ಇಳಿದಿತ್ತು. ಮೇಲುಗಡೆ ಸುಣ್ಣದ ತಿಳಿನೀಲಿ ಏನೂ ಆಗದಂತೆ ಇತ್ತು. ಗೆರೆ ಹಾದುಹೋದ ಜಾಗದಲ್ಲಿ ತೂಗುತ್ತಿದ್ದ ಕ್ಯಾಲೆಂಡರ್‌ನಲ್ಲಿ ದೇವರ ಮುಖ ಚೊಕ್ಕಟವಾಗಿತ್ತು, ಕೆಳಗಿನ ತಾರೀಖುಗಳೆಲ್ಲ ಕದಡಿ ಒಂದಾಗಿದ್ದವು. ನೆಲದ ಕೆಸರು ಬಿಸಿಲು ಬಿದ್ದ ಕಡೆ ಒಣಗಿ, ಸುಟ್ಟ ಹಪ್ಪಳದಂತೆ ಅಂಚು ಎತ್ತಿತ್ತು.

‘ಅಜ್ಜಿ, ಇಲ್ಲಿ ಕುಳಿತು ಈ ಗೋಡೆಯನ್ನು ಬರೆದುಕೊಳ್ಳಲೇ?’ ಎಂದು ಕೇಳಿದೆ.

‘ಈ ಕೊಳೆಯನ್ನು ಯಾಕಪ್ಪ ಬರೆಯುತ್ತೀಯ? ತೊಳೆಯುತ್ತಾ ಇದ್ದೇವಲ್ಲ, ಅದನ್ನು ಬರಿ’ ಎಂದರು ಆಕೆ, ಪೊರಕೆ ಕೆಳಗಿಡದೆಯೇ.

ಚಿತ್ರದ ಸಂಯೋಜನೆ ತೀರ್ಮಾನವಾದದ್ದು ಆ ಮಾತಿನಲ್ಲಿ. ಅರ್ಧ ತೊಳೆದ ಗೋಡೆ, ಎತ್ತಿದ ಒಂದು ಕೈ, ತೆಂಗಿನ ಕಡ್ಡಿಯ ಪೊರಕೆ, ಬಕೆಟ್. ಮುಖ ಬೇಡವೆಂದು ಅಲ್ಲಿಯೇ ನಿರ್ಧರಿಸಿದೆ. ಮನೆ ಕಳೆದುಕೊಂಡವರ ಅಳುವ ಮುಖವನ್ನು ಕ್ಯಾನ್ವಾಸಿಗೆ ತಂದು ಗೋಡೆಗೆ ತೂಗುಹಾಕುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟವನು ಚಿತ್ರಕಾರ ಆಲ್ಫ್ರೆಡ್ ಸಿಸ್ಲೆ. 1876ರಲ್ಲಿ ಫ್ರಾನ್ಸ್‌ನ ಸೇನ್ ನದಿ ಉಕ್ಕಿ ಪೋರ್ಟ್ ಮಾರ್ಲಿ ಊರಿಗೆ ನುಗ್ಗಿದಾಗ ಆತ ಬರೆದ ತೈಲಚಿತ್ರಗಳಲ್ಲಿ ಗೋಳಾಟವಿಲ್ಲ. ನೀರು ಸುತ್ತುವರಿದ ಒಂದು ಮದ್ಯದಂಗಡಿ, ದೋಣಿ, ಮೋಡ, ಅಷ್ಟೇ. ಆದರೂ ಊರಿಗೆ ಏನಾಯಿತೆಂದು ನೋಡುವವನಿಗೆ ತಿಳಿಯುತ್ತದೆ.

ಒಣಗಿದ ಕೆಸರಿನ ಒಂದು ಹೆಂಟೆಯನ್ನು ಕಾಗದದಲ್ಲಿ ಸುತ್ತಿ ತಂದೆ. ಅದನ್ನೇ ಬಣ್ಣಕ್ಕೆ ಬೆರೆಸು, ನಿಜವಾದ ಕಪಿಲೆ ಚಿತ್ರದೊಳಗೆ ಬರುತ್ತಾಳೆ ಎಂದು ಗೆಳೆಯರು ಹುರಿದುಂಬಿಸಿದರು. ನಾನು ಒಪ್ಪಲಿಲ್ಲ. ನೆರೆಯ ಮಣ್ಣಿನಲ್ಲಿ ಕೊಳೆಯುವ ಎಲೆ, ಲವಣ ಎಲ್ಲವೂ ಇರುತ್ತವೆ. ಬಣ್ಣದ ಪದರಕ್ಕೆ ಅವು ಹಿತವಲ್ಲ. ಹೆಂಟೆಯನ್ನು ಪ್ಯಾಲೆಟ್‌ನ ಪಕ್ಕದಲ್ಲಿಟ್ಟು ಅದರ ಬಣ್ಣವನ್ನು ಹುಡುಕಿದೆ. ಒಣಗಿದ ಮೈಗೆ ರಾ ಅಂಬರ್ ಎಂಬ ಕಂದು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಟೈಟಾನಿಯಂ ವೈಟ್, ಜೊತೆಗೆ ಚಿಟಿಕೆ ಅಲ್ಟ್ರಾಮರೀನ್ ನೀಲಿ ಸಾಕಾಯಿತು. ಒಂದು ಮೂಲೆಗೆ ನೀರು ಚಿಮುಕಿಸಿ ನೋಡಿದೆ: ಬೂದು ಮಾಯವಾಗಿ ಕಂದು ಗಾಢವಾಯಿತು. ಅಲ್ಲಿಗೆ ಬರ್ನ್ಟ್ ಅಂಬರ್ ಬೇಕು, ಬಿಳಿ ಬೇಡವೇ ಬೇಡ.

ಮೊದಲ ಪದರ ಇಡೀ ಅಂಬರ್‌ನದು, ಟರ್ಪೆಂಟೈನ್‌ನಲ್ಲಿ ತೆಳುವಾಗಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಮಳೆಗಾಲದಲ್ಲಿ ಇದು ದೊಡ್ಡ ಉಪಕಾರ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ, ಬಟ್ಟೆ ಒಣಗಿದ ಹಾಗೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ತೇವ ಮತ್ತು ಚಳಿಯಲ್ಲಿ ಆ ಕೆಲಸ ಇನ್ನಷ್ಟು ನಿಧಾನ. ಆದ್ದರಿಂದ ಕೆಳಗಿನ ಪದರ ಮೊದಲು ಒಣಗಲೆಂದು ಒಂದೊಂದು ಪದರಕ್ಕೂ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಂಡು ಹೋದೆ. ಈ ಕ್ರಮ ತಿರುವುಮುರುವಾದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಕೆಸರಿನ ಬಿರುಕು ಹಾಗೆಯೇ ತಾನಾಗಿ ಬರಲಿ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಹಾಗೆ ಬಂದ ಬಿರುಕು ನಾವು ಹೇಳಿದ ಕಡೆ ನಿಲ್ಲುವುದಿಲ್ಲ, ಕ್ರಮೇಣ ಬಣ್ಣವೇ ಉದುರಬಹುದು. ಕೆಸರನ್ನು ಚಾಕುವಿನಿಂದ ದಪ್ಪವಾಗಿ ಮೆತ್ತಿ, ಬಿರುಕುಗಳನ್ನು ಸಣ್ಣ ಕುಂಚದಲ್ಲಿ ಒಂದೊಂದಾಗಿ ಬರೆದೆ. ಎತ್ತಿದ ಅಂಚಿಗೆ ಬೆಳಕಿನ ಎಳೆ, ಅದರ ಅಡಿಗೆ ನೆರಳು.

ಅತಿ ಹೆಚ್ಚು ಹೊತ್ತು ಹಿಡಿದದ್ದು ಗೆರೆ. ಸ್ಕೇಲಿನಲ್ಲಿ ಎಳೆದಂತೆ ಕಂಡರೆ ಅದು ಬರಿಯ ಪಟ್ಟಿಯಾಗುತ್ತದೆ. ಮಟ್ಟವಾಗಿಯೇ ಇರಬೇಕು, ಆದರೆ ಗಾರೆಯ ಉಬ್ಬುತಗ್ಗಿಗೆ ಸಿಕ್ಕಿ ಅಲ್ಲಲ್ಲಿ ದಪ್ಪವಾಗಬೇಕು, ಕಿಟಕಿಯ ಚೌಕಟ್ಟನ್ನೂ ಕ್ಯಾಲೆಂಡರನ್ನೂ ಒಂದೇ ಎತ್ತರದಲ್ಲಿ ದಾಟಬೇಕು. ಪೊರಕೆ ಹಾದ ಕಡೆ, ಬಣ್ಣ ಹಸಿಯಿರುವಾಗಲೇ ಬಟ್ಟೆಯಿಂದ ಒರೆಸಿದೆ. ಒಳಗಿನ ನೀಲಿ ಕಂಡಿತು, ಗೆರೆ ಪೂರ್ತಿ ಹೋಗಲಿಲ್ಲ. ಅಜ್ಜಿಯ ಗೋಡೆಯಲ್ಲೂ ತೊಳೆದಷ್ಟೂ ಅದು ಹಾಗೆಯೇ ಉಳಿದಿತ್ತು.

ದಪ್ಪ ಪದರ ಪೂರ್ತಿ ಒಣಗುವವರೆಗೆ ವಾರ್ನಿಷ್ ಮುಟ್ಟಲಿಲ್ಲ. ಅದಕ್ಕೆ ತಿಂಗಳುಗಳೇ ಬೇಕು. ಕೊನೆಗೆ ಹಚ್ಚಿದ್ದು ಮ್ಯಾಟ್ ವಾರ್ನಿಷ್. ಹೊಳಪಿನದನ್ನು ಹಚ್ಚಿದರೆ ಗಾಢ ಬಣ್ಣಗಳು ಇನ್ನಷ್ಟು ಗಾಢವಾಗಿ, ಒಣಗಿದ ಕೆಸರು ಮತ್ತೆ ಒದ್ದೆಯಾದಂತೆ ಕಾಣುತ್ತದೆ.