‘ಹೆಪ್ಪಿಗೆ ಮೊಸರು ಬೇಕಂತೆ’

ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತದೆಂದು ನನಗೆ ತಿಳಿದುಬಿಡುತ್ತಿತ್ತು. ಕೂಡಲೇ ಒಲೆ ಆರಿಸಿ, ನಡುಮನೆಗೆ ಬಂದು ಬಾಗಿಲ ಹತ್ತಿರ ಕೂರುತ್ತಿದ್ದೆ. ಅಡುಗೆಮನೆಯಲ್ಲಿ ಚಾಕು, ಬಿಸಿ ಎಣ್ಣೆ ಎಲ್ಲವೂ ಕೈಗೆಟಕುವಂತಿದ್ದವು. ಬಚ್ಚಲಿಗಂತೂ ಓಡಬಾರದು, ಸಿಕ್ಕಿಬಿದ್ದರೆ ಹೊರದಾರಿಯೇ ಇಲ್ಲ. ಈಳಿಗೆಮಣೆಯನ್ನು ಮಂಚದ ಕೆಳಗೆ ಟ್ರಂಕಿನ ಹಿಂದಕ್ಕೆ ತಳ್ಳಿದ್ದೆ. ಮುಂಬಾಗಿಲ ಚಿಲಕ ಕಿರುಗುಟ್ಟುತ್ತಿತ್ತು. ಶುಕ್ರವಾರ ಹೊಸ್ತಿಲು ತೊಳೆಯುವಾಗ ಅದಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ.

ಏಳು ವರ್ಷದ ಮಗಳಿಗೆ ಹೇಳಿಕೊಟ್ಟದ್ದು ಇಷ್ಟೇ: ನಮ್ಮ ನಡುವೆ ಬರಬೇಡ, ಪಕ್ಕದ ಮನೆಗೆ ಹೋಗಿ ‘ದೊಡ್ಡಮ್ಮಾ, ಹೆಪ್ಪಿಗೆ ಮೊಸರು ಬೇಕಂತೆ’ ಎನ್ನು. ಆ ಮಾತು ಕಿವಿಗೆ ಬಿದ್ದರೆ ಪಕ್ಕದ ಮನೆಯ ಅಕ್ಕ ಮಗುವನ್ನು ಒಳಗಿಟ್ಟುಕೊಂಡು 112ಕ್ಕೆ ಕರೆ ಮಾಡುವುದೆಂದು ಮಾತಾಗಿತ್ತು. ಆಧಾರ್, ಪಡಿತರ ಚೀಟಿ, ಮಗಳ ಜನನ ಪ್ರಮಾಣಪತ್ರಗಳ ನಕಲು, ಎರಡು ಜೊತೆ ಬಟ್ಟೆ, ಒಂದಿಷ್ಟು ದುಡ್ಡು ಅವರ ಅಕ್ಕಿ ಡಬ್ಬದ ಹಿಂದೆ ಇದ್ದವು. ನನ್ನ ಮೊಬೈಲನ್ನು ಅವನು ದಿನವೂ ತಡಕುತ್ತಿದ್ದ. ಹಾಗಾಗಿ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿದ್ದೂ ಅಕ್ಕನ ಫೋನಿನಿಂದಲೇ.

ಒಂದು ತಪ್ಪು ಮಾಡಿದೆ. ಜಗಳದ ಭರದಲ್ಲಿ ‘ನಾಳೆಯೇ ಹೊರಡುತ್ತೇನೆ’ ಎಂದುಬಿಟ್ಟೆ. ಹೆಂಡತಿ ಕೈತಪ್ಪುತ್ತಾಳೆಂದು ತಿಳಿಯುವ ಗಳಿಗೆ ಬಹಳ ಅಪಾಯದ್ದು, ದಯವಿಟ್ಟು ಯಾರೂ ಬಾಯಿಬಿಡಬೇಡಿ. ಆ ರಾತ್ರಿ ನನ್ನ ಮುಂಗೈ ಮೂಳೆ ಮುರಿಯಿತು. ಹಿಂದೆ ಎರಡು ಸಲ ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದಿದ್ದವಳು, ಈ ಸಲ ‘ಗಂಡ ತಿರುಚಿದ’ ಎಂದು ಹೇಳಿ, ಹಾಗೆಯೇ ಬರೆಸಿದೆ. ಮುಂದೆ ನ್ಯಾಯಾಲಯದಲ್ಲಿ ನನ್ನ ಪರ ನಿಂತದ್ದು ಆ ಸಾಲು.

ಆಸ್ಪತ್ರೆಯಿಂದ ತವರಿಗೆ ಹೋದೆ, ಅಲ್ಲಿಂದ ಇಂಥ ಹೆಂಗಸರ ನೆರವಿಗೆಂದೇ ಸರ್ಕಾರ ನೇಮಿಸಿರುವ ಸಂರಕ್ಷಣಾಧಿಕಾರಿಯ ಬಳಿಗೆ. ನಮ್ಮ ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕೆಲಸ ನೋಡುತ್ತಾರೆ. ಅವರು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಿದರು. ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಟ್ಟಿತು. ಹೆಣ್ಣುಮಕ್ಕಳಿಗೆ ಇದಕ್ಕೆ ಆದಾಯದ ಮಿತಿಯಿಲ್ಲ. ಮನೆ ಅವನ ಹೆಸರಿನಲ್ಲಿದೆ, ನನಗೇನು ಹಕ್ಕು ಎಂದು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಅಲ್ಲಿ ವಾಸಿಸುವ ಹಕ್ಕು ನನಗೆ ಮೊದಲಿನಿಂದಲೂ ಇತ್ತು! ಮ್ಯಾಜಿಸ್ಟ್ರೇಟರು ಕೊಟ್ಟ, ಈಗ ನನ್ನ ಕೈಯಲ್ಲಿರುವ ರಕ್ಷಣಾ ಆದೇಶವನ್ನು ಅವನು ಮೀರಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದೇಶದ ಒಂದು ನಕಲನ್ನು ಮಗಳ ಶಾಲೆಗೆ, ಇನ್ನೊಂದನ್ನು ಠಾಣೆಗೆ ಕೊಟ್ಟಿದ್ದೇನೆ. ಈ ಬಾಡಿಗೆ ಮನೆಯ ಪಕ್ಕದವರಿಗೂ ಮೊಸರಿನ ಮಾತು ಹೇಳಿಟ್ಟಿದ್ದೇನೆ.